ಲೈನಿನ ಹಾಲು

ಪಿಳ್ಳಮ್ಮ ದಿನಾ ಬೆಳಗಿನ ರೈಲಿಗೆ ಎರಡು ಹಾಲಿನ ಕ್ಯಾನು ತರುತ್ತಿದ್ದಳು. ಚಿಕ್ಕದರಲ್ಲಿ ಬಂಗಲೆ ಹಾಲು, ದೊಡ್ಡದರಲ್ಲಿ ಲೈನಿನ ಹಾಲು. ಎರಡೂ ಅದೇ ಮೂರು ಹಸುಗಳ ಹಾಲೇ. ಆದರೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಬರುವ ಮೊದಲು ದೊಡ್ಡ ಕ್ಯಾನು ನಲ್ಲಿಯ ಕೆಳಗೆ ಒಂದು ಸಲ ಹೋಗಿ ಬರುತ್ತಿತ್ತು. ಒಂದು ಚೊಂಬು ನೀರು. ಬೇಸಿಗೆಯಲ್ಲಿ ಹಸು ಕಡಿಮೆ ಕೊಟ್ಟರೆ ಎರಡು, ಕೆಲವು ದಿನ ಮೂರು.

ಅವಳ ಊರು ಬೂದಿಕೋಟೆ ರಸ್ತೆಯಲ್ಲಿ, ಬಂಗಾರಪೇಟೆಯಿಂದ ಎರಡು ಮೈಲಿ. ಗಂಡ ಮುನಿನಾರಾಯಣಪ್ಪ ಮೂರೆಕರೆ ಹೊಲದಲ್ಲಿ ರಾಗಿ, ಹುರುಳಿ, ಕಡಲೆಕಾಯಿ ಬೆಳೆಯುತ್ತಿದ್ದ. ಮಗ ಬೆಂಗಳೂರಿನಲ್ಲಿ ಕೂಲಿಗಿದ್ದ; ಸೊಸೆ ಮುನಿರತ್ನಮ್ಮ ಮನೆಯನ್ನೂ ದನಗಳನ್ನೂ ನೋಡಿಕೊಳ್ಳುತ್ತಿದ್ದಳು. ಪಿಳ್ಳಮ್ಮ ಹನ್ನೆರಡು ವರ್ಷದಿಂದ ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು, ಮೊದಲು ಗುಡ್ಡದ ಮೇಲಿನ ಆಫೀಸರ ಬಂಗಲೆಗೆ, ಆಮೇಲೆ ಕೆಳಗೆ ಚಿನ್ನದ ಗಣಿ ಕೆಲಸದವರ ಸಾಲುಮನೆಗಳ ಲೈನಿಗೆ ಹಾಲು ಹಾಕಿ, ಬಿಸಿಲೇರುವ ಹೊತ್ತಿಗೆ ಊರಿಗೆ ಹಿಂದಿರುಗುತ್ತಿದ್ದಳು.

ನೀರು ಹಾಕುವುದು ಅವಳಿಗೆ ಮೋಸ ಅನ್ನಿಸಿರಲಿಲ್ಲ. ಬಂಗಲೆಯವರು ಕೊಡುವ ಬೆಲೆಯನ್ನು ಲೈನಿನವರು ಕೊಡಲಾರರು, ಅವರು ಕೊಡುವ ಬೆಲೆಗೆ ಅಷ್ಟೇ ಹಾಲು ಬರುತ್ತದೆ, ಅಷ್ಟೇ. ಅವಳ ಸ್ವಂತ ಮನೆಯಲ್ಲಂತೂ ಹಾಲು ಕುಡಿಯುವವರೇ ಇರಲಿಲ್ಲ. ಕರೆದದ್ದೆಲ್ಲ ರೈಲು ಹತ್ತುತ್ತಿತ್ತು. ಮೊಮ್ಮಗ ಅಂಬಲಿ ಕುಡಿದೇ ಬೆಳೆದಿದ್ದ.

ಬಂಗಲೆಯಲ್ಲಿ ಹಾಲು ಅಳೆದು ತೆಗೆದುಕೊಳ್ಳುತ್ತಿದ್ದವನು ಅಡುಗೆಯ ಆರುಮುಗಂ. ಅವನ ಹತ್ತಿರ ಒಂದು ಗಾಜಿನ ಕಡ್ಡಿ ಇತ್ತು. ಕೆಳಗೆ ಬುರುಡೆ, ಮೇಲೆ ಗೆರೆ ಹಾಕಿದ ಕೊಳವೆ. ಒಳ್ಳೆಯ ಹಾಲಿನಲ್ಲಿ ಬಿಟ್ಟರೆ ತೇಲಿ ನಿಲ್ಲುತ್ತಿತ್ತು, ನೀರು ಬಿದ್ದ ಹಾಲಿನಲ್ಲಿ ಒಳಕ್ಕೆ ಇಳಿಯುತ್ತಿತ್ತು. ದಿನಾ ಬೆಳಿಗ್ಗೆ ಅವನು ಅದನ್ನು ಹಾಲಿಗೆ ಬಿಟ್ಟು, ಕಣ್ಣು ಕಿರಿದು ಮಾಡಿ ಗೆರೆ ನೋಡಿ, "ಪಾಲ್ಕಾರಮ್ಮಾ, ಇವತ್ತೂ ಪಾಸ್" ಅನ್ನುತ್ತಿದ್ದ. ಹಾಲಿನವಳನ್ನು ಅವನು ತನ್ನ ತಮಿಳಿನಲ್ಲಿ ಹಾಗೆ ಕರೆಯುತ್ತಿದ್ದ.

ಐವತ್ತೆಂಟನೇ ಇಸವಿಯ ಮಾಗಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಒಂದು ಗುರುವಾರ ಬಂಗಲೆಯ ಅಮ್ಮನವರು ತಾವೇ ಹಿತ್ತಲ ಬಾಗಿಲಿಗೆ ಬಂದರು. ಬೆಂಗಳೂರಿನ ಕಡೆಯವರು, ಎಂಜಿನಿಯರ ಹೆಂಡತಿ, ಇನ್ನೂ ಚಿಕ್ಕ ವಯಸ್ಸು. ಸೊಂಟದ ಮೇಲೆ ಆರು ತಿಂಗಳ ಗಂಡುಮಗು. ಕೆನ್ನೆ, ತೊಡೆ, ಮಣಿಕಟ್ಟು ಎಲ್ಲ ಕಡೆ ಮಡಿಕೆ ಮಡಿಕೆ.

"ನಿನ್ನೆ ತೂಕ ಹಾಕಿಸಿದೆ ಪಿಳ್ಳಮ್ಮ. ಹದಿನೆಂಟು ಪೌಂಡು. ಡಾಕ್ಟರಮ್ಮ ಏನು ಕೊಡ್ತೀರಿ ಅಂತ ಕೇಳಿದರು. ನಮ್ಮ ಪಿಳ್ಳಮ್ಮನ ಹಾಲು ಅಂದೆ."

ಪಿಳ್ಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಮಗುವಿನ ಪಾದ ಮುಟ್ಟಿದಳು. ಮಗು ಅವಳ ಬೆರಳು ಹಿಡಿದು ಬಿಡಲೇ ಇಲ್ಲ. ಆವತ್ತು ಗುಡ್ಡ ಇಳಿಯುವಾಗ ಅವಳಿಗೆ ತಲೆಯ ಮೇಲಿನ ಕ್ಯಾನು ಭಾರವೇ ಅನ್ನಿಸಲಿಲ್ಲ.

ಲೈನಿನಲ್ಲಿ ತಟ್ಟಿ ಗೋಡೆಯ, ತಗಡು ಸೂರಿನ ಮನೆಗಳು ಒಂದಕ್ಕೊಂದು ಬೆನ್ನು ಕೊಟ್ಟುಕೊಂಡು ನಿಂತಿದ್ದವು. ಸಾಲಿನ ಕೊನೆಯ ಮನೆ ಮುತ್ಯಾಲಮ್ಮನದು. ಅವಳ ಗಂಡ ವೆಂಕಟೇಶಪ್ಪ ಪುಂಗನೂರು ಕಡೆಯಿಂದ ಬಂದು ಗಣಿಯ ಒಳಗೆ ಕೆಲಸಕ್ಕೆ ಸೇರಿದ್ದ. ಮುತ್ಯಾಲಮ್ಮನಿಗೆ ಚೊಚ್ಚಲು ಹೆಣ್ಣುಮಗು. ಅಜ್ಜಿಯ ಹೆಸರನ್ನೇ ಇಟ್ಟು ಚಿಕ್ಕವೆಂಕಟಮ್ಮ ಎಂದಿದ್ದರು, ಕರೆಯುವುದು ಚಿಕ್ಕಿ ಅಂತ. ಬಂಗಲೆಯ ಮಗು ಹುಟ್ಟಿದ ವಾರದಲ್ಲೇ ಹುಟ್ಟಿದ್ದು. ಬಾಣಂತಿಗೆ ಎರಡನೇ ತಿಂಗಳು ಜ್ವರ ಬಂದು ಎದೆಹಾಲು ನಿಂತುಹೋಗಿತ್ತು. ಅಂದಿನಿಂದ ಪಿಳ್ಳಮ್ಮನ ಹತ್ತಿರ ಒಂದು ಪಾವು ಹಾಲು ಹಾಕಿಸಿಕೊಳ್ಳುತ್ತಿದ್ದಳು.

ಸಾಮಾನ್ಯವಾಗಿ ಪಿಳ್ಳಮ್ಮ ಬಾಗಿಲಲ್ಲೇ ಹಾಲು ಸುರಿದು ಹೊರಟುಬಿಡುವವಳು. ಆವತ್ತು ಮನಸ್ಸು ಹಗುರವಾಗಿತ್ತು. ಒಂದು ಗುಟುಕು ನೀರು ಕೇಳಿ ಒಳಗೆ ಕೂತಳು. ಮುತ್ಯಾಲಮ್ಮ ಒಲೆಯ ಮುಂದೆ ಕೂತು ಒಂದು ಲೋಟ ಹಾಲನ್ನು ಪಾತ್ರೆಗೆ ಅಳೆದು, ಅದೇ ಲೋಟದಲ್ಲಿ ಒಂದು ಲೋಟ ನೀರು ಅದಕ್ಕೆ ಹುಯ್ದಳು.

"ಅದ್ಯಾಕವ್ವ ನೀರಾಕ್ತೀಯ?" ಪಿಳ್ಳಮ್ಮ ಕೇಳಿದಳು.

"ನರ್ಸಮ್ಮ ಹೇಳವ್ರೆ ಅಕ್ಕಾ. ಹಸುವಿನ ಹಾಲು ಪಾಪಕ್ಕೆ ಗಟ್ಟಿ ಆಗುತ್ತಂತೆ. ಒಂದಕ್ಕೆ ಒಂದು ನೀರು ಹಾಕಿ ಚೆನ್ನಾಗಿ ಕಾಯಿಸು ಅಂದ್ರು. ನಾನು ಒಂದು ದಿನಾನೂ ತಪ್ಪಿಸಿಲ್ಲ."

ತೊಲೆಗೆ ಕಟ್ಟಿದ ತೊಟ್ಟಿಲಿನಲ್ಲಿ ಮಗು ಮಲಗಿತ್ತು. ಪಿಳ್ಳಮ್ಮ ಎದ್ದು ನೋಡಿದಳು. ತಲೆ ದೊಡ್ಡದು, ಕೈಕಾಲು ಕಡ್ಡಿ. ಅಳುತ್ತಿರಲಿಲ್ಲ, ಅಳುವುದಕ್ಕೂ ತ್ರಾಣ ಬೇಕು. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು.

"ತೂಕ ಒಂಬತ್ತು ಪೌಂಡಂತೆ" ಅಂದಳು ಮುತ್ಯಾಲಮ್ಮ. "ಬಂಗಲೆ ಪಾಪಕ್ಕೂ ನಿನ್ನ ಹಾಲೇ ಅಲ್ವಾ ಅಕ್ಕಾ? ಆರುಮುಗಂ ಅಣ್ಣ ಹೇಳ್ತಾನೆ, ಗುಂಡಗೆ ಕಲ್ಲಿನ ಹಾಗಿದೆ ಅಂತ. ನಮ್ಮ ಪಾಪಕ್ಕೆ ಮಾತ್ರ ನಿನ್ನ ಹಾಲು ಮೈಗೆ ಹತ್ತೋದೇ ಇಲ್ಲ. ನನ್ನ ಕೈಗುಣವೋ ಏನೋ."

ಅವಳ ಮಾತಿನಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅವಳು ಕೊಟ್ಟಿದ್ದ ನೀರನ್ನು ಪಿಳ್ಳಮ್ಮ ಕುಡಿಯದೆ ಕೆಳಗಿಟ್ಟಳು.

ಮಧ್ಯಾಹ್ನ ಊರಿಗೆ ಬಂದವಳು ಹೊಲದ ಬದುವಿನಲ್ಲಿ ಗಂಡನ ಪಕ್ಕ ಹೋಗಿ ಕೂತಳು. ಅವನು ಹಗ್ಗ ಹೊಸೆಯುತ್ತಿದ್ದ.

"ನಾನು ಒಂದು ಪಾಲು ನೀರಾಕ್ತೀನಿ. ಆಸ್ಪತ್ರೆಯೋರು ಒಂದು ಪಾಲು ಆಕು ಅಂತಾರೆ. ಆ ಕೂಸು ಆಲು ಎಲ್ಲಿಂದ ಕುಡೀಬೇಕು?" ಅಂದಳು.

ಮುನಿನಾರಾಯಣಪ್ಪ ಎಲ್ಲ ಕೇಳಿದ. "ನಾಳೆಯಿಂದ ನೀರು ಆಕ್ಬ್ಯಾಡ" ಅಂದ.

"ಆಕ್ದಿದ್ರೆ ಆ ನಲವತ್ತು ಮನೆಗೆ ಎಂಗೆ ಸಾಲ್ತದೆ? ಬೆಲೆ ಏರ್ಸಿದ್ರೆ ಯಾರು ತಗೋತಾರೆ?"

ಮುನಿನಾರಾಯಣಪ್ಪ ಮತ್ತೆ ಹಗ್ಗ ಹೊಸೆಯತೊಡಗಿದ. ಪಿಳ್ಳಮ್ಮ ತಾನೇ ಒಂದು ದಾರಿ ಹುಡುಕಿದಳು. ಮರುದಿನ ಬಂಗಲೆಯ ಕ್ಯಾನಿನಿಂದ ಒಂದು ಪಾವು ಗಟ್ಟಿ ಹಾಲನ್ನು ಮುತ್ಯಾಲಮ್ಮನ ಕೂಸಿಗೆಂದು ಬೇರೆ ಚೊಂಬಿಗೆ ಬಗ್ಗಿಸಿಕೊಂಡು, ಅಷ್ಟೇ ನೀರನ್ನು ಆ ಕ್ಯಾನಿಗೆ ಹಾಕಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬಂಗಲೆ ಹಾಲಿಗೆ ನೀರು ಬಿದ್ದಿತ್ತು.

ಆರುಮುಗಂ ಕಡ್ಡಿ ಬಿಟ್ಟ. ಅದು ಎಂದಿಗಿಂತ ಒಂದು ಗೆರೆ ಕೆಳಗೆ ಹೋಗಿ ನಿಂತಿತು. ಅವನು ಕಡ್ಡಿ ನೋಡಿದ, ಅವಳನ್ನು ನೋಡಿದ.

"ಏನು ಪಾಲ್ಕಾರಮ್ಮಾ?"

ಅವಳು ಇದ್ದದ್ದನ್ನು ಹೇಳಿದಳು. ಆರುಮುಗಂ ಕೂಡ ಅದೇ ಲೈನಿನವನು, ಮುತ್ಯಾಲಮ್ಮನ ಪಕ್ಕದ ಮನೆ. ಕಡ್ಡಿ ಒರೆಸಿ ಪೆಟ್ಟಿಗೆಯಲ್ಲಿಟ್ಟು, "ಒಂದು ಸಲ ಇದನ್ನ ಮನೆಗೆ ತಗೊಂಡು ಹೋಗಿದ್ದೆ" ಅಂದ. "ನಮ್ಮನೆ ಹಾಲಿಗೆ ಬಿಟ್ಟೆ. ಪಾತ್ರೆ ತಳ ಮುಟ್ಟಿತು."

ಪಿಳ್ಳಮ್ಮ ತಲೆ ತಗ್ಗಿಸಿದಳು. "ಮತ್ತೆ ಯಾಕೆ ಒಂದು ದಿನಾನೂ ಕೇಳ್ಲಿಲ್ಲ?"

"ಕೇಳಿ ಏನು ಮಾಡ್ಲಿ? ನೀನು ಬೆಲೆ ಏರಿಸ್ತಿದ್ದೆ. ಆಗ ಕಾಫಿಗೂ ಇಲ್ಲ." ಅವನು ಹಾಲನ್ನು ಒಳಗಿನ ಪಾತ್ರೆಗೆ ಸುರಿದುಕೊಂಡ. "ಪಾಸ್. ಹೋಗು."

ಹೀಗೆ ಇಪ್ಪತ್ತು ದಿನ ನಡೆಯಿತು. ಮುತ್ಯಾಲಮ್ಮನ ಮಗು ಕೈಯಾಡಿಸತೊಡಗಿತು, ಅಳತೊಡಗಿತು. ಆ ಅಳು ಕೇಳಿದರೆ ಪಿಳ್ಳಮ್ಮನಿಗೆ ಹಿಗ್ಗು. ಬಂಗಲೆಯ ಮಗುವೂ ಗುಂಡಗೇ ಇತ್ತು.

ಇಪ್ಪತ್ತೊಂದನೆಯ ದಿನ ಆರುಮುಗನಿಗೆ ಮೈ ಹುಷಾರಿಲ್ಲ ಅಂತ ಅಮ್ಮನವರೇ ಕಡ್ಡಿ ಹಿಡಿದು ಬಂದರು.

"ಪಿಳ್ಳಮ್ಮ, ಇದರಲ್ಲಿ ನೀರಿದೆ."

"ಐತೆ ಅಮ್ಮಾವ್ರೆ."

ಇಲ್ಲ ಅನ್ನುತ್ತಾಳೆ ಅಂದುಕೊಂಡಿದ್ದ ಅಮ್ಮನವರಿಗೆ ಮುಂದೇನು ಕೇಳಬೇಕೋ ತಿಳಿಯಲಿಲ್ಲ. ಕಡ್ಡಿಯನ್ನು ಹಾಲಿನಿಂದ ಎತ್ತಿ, "ಯಾಕೆ?" ಅಂದರು.

"ಲೈನಲ್ಲಿ ಒಂದು ಎಣ್ಣು ಕೂಸೈತೆ. ನಿಮ್ ಮಗೀನ ವಾರಿಗೇದೇ. ಅದುಕ್ಕೆ ಒಂದು ಪಾವು ಒಳ್ಳೆ ಆಲು ಬೇಕಾಗಿತ್ತು."

"ಅದಕ್ಕೆ ನನ್ನ ಮಗುವಿನ ಹಾಲಿಗೆ ನೀರು ಹಾಕಿದೆಯಾ?"

"ಆ ಕೂಸು ಮೊದಲಿಂದ್ಲೂ ನೀರಿನ ಆಲೇ ಕುಡೀತಿತ್ತು ಅಮ್ಮಾವ್ರೆ. ಅದನ್ನೂ ನಾನೇ ಆಕ್ತಿದ್ದೆ."

ಅಮ್ಮನವರ ಮುಖ ಕೆಂಪಾಯಿತು. ಕೋಪಕ್ಕಿಂತ ಹೆದರಿಕೆಯೇ ಹೆಚ್ಚು ಇದ್ದಂತಿತ್ತು. ಎಲ್ಲಿಯ ನೀರೋ, ಮಗುವಿಗೆ ಏನಾದರೂ ಆಗಿದ್ದರೆ ಎಂದು. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

ಪಿಳ್ಳಮ್ಮ ಯೋಚಿಸಿದಳು. ಅಷ್ಟು ವರ್ಷದಲ್ಲಿ ಆ ಹಿತ್ತಲ ಬಾಗಿಲು ದಾಟಿ ಅವಳು ಒಳಗೆ ಹೋದವಳಲ್ಲ. "ಕೇಳ್ಬೋದು ಅಂತ ನಂಗೆ ಒಳೀಲೇ ಇಲ್ಲ ಅಮ್ಮಾವ್ರೆ" ಅಂದಳು. ಅದು ನಿಜವಾಗಿತ್ತು.

"ನಾಳೆಯಿಂದ ಬೇಡ" ಅಂದರು ಅಮ್ಮನವರು, ಮೆಲ್ಲಗೆ. ಬಾಗಿಲು ಹಾಕಿಕೊಂಡಿತು. ಅಂಗಳದಲ್ಲಿ ಮಾಲಿ ಉದ್ದನೆಯ ರಬ್ಬರು ಕೊಳವೆ ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ.

ಲೈನಿಗೆ ಬಂದಾಗ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ನಲವತ್ತು ಮನೆಗೆ ಒಂದೇ ನಲ್ಲಿ. ಹೆಂಗಸರೆಲ್ಲ ಬಿಂದಿಗೆ ಸಾಲಿಟ್ಟು ನಿಂತಿದ್ದರು. ಇಷ್ಟು ಜನ ಒಟ್ಟಿಗೆ ಮತ್ತೆ ಸಿಕ್ಕುವುದಿಲ್ಲ ಅಂತ ಪಿಳ್ಳಮ್ಮ ಅಲ್ಲೇ ಕ್ಯಾನು ಇಳಿಸಿದಳು.

"ಒಂದು ಮಾತು ಯೋಳ್ಬೇಕು. ಇಷ್ಟು ದಿನ ನಿಮ್ ಆಲಿಗೆ ನೀರಾಕ್ತಿದ್ದೆ. ಇನ್ನು ಆಕಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಗೊತ್ತಿಲ್ಲ ಅಂದ್ಕೊಂಡ್ಯಾ ಅಕ್ಕಾ? ಅದರಲ್ಲಿ ಬಟ್ಟೆನೂ ಒಗೀಬಹುದಿತ್ತು" ಅಂದಳು ಒಬ್ಬಳು.

ಮುತ್ಯಾಲಮ್ಮ ನಗಲಿಲ್ಲ. ಈ ಲೈನಿಗೆ ಬಂದು ಅವಳಿಗೆ ಆಗಷ್ಟೇ ವರ್ಷ ತುಂಬಿತ್ತು; ಉಳಿದವರಿಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

"ಒಂದಕ್ಕೊಂದು ಹಾಕು ಅಂದ್ರು, ನಾನು ಹಾಕ್ತಿದ್ದೆ" ಅಂದಳು. "ನೀನು ದಿನಾ ನಮ್ಮ ಬಾಗಿಲಿಗೆ ಬರ್ತಿದ್ದೆ."

"ಕೂಸ್ನ ನೋಡಿದ್ದು ಮೊನ್ನೆ ಮೊನ್ನೆ ಕಣವ್ವ. ಅವತ್ತಿಂದ ಗಟ್ಟಿ ಆಲೇ ತಂದ್ಕೊಟ್ಟಿದ್ದೀನಿ."

"ಅದಕ್ಕೆ ಮುಂಚೆ?"

"ಅದುಕ್ಕೆ ಮುಂಚೆ ನೋಡ್ಲಿಲ್ಲ."

ಮುತ್ಯಾಲಮ್ಮ ಅರ್ಧ ತುಂಬಿದ ಬಿಂದಿಗೆ ಎತ್ತಿಕೊಂಡು ಮನೆಗೆ ಹೋದಳು.

ಸಾಲಿನ ಹಿಂದೆ ಆದಿಲಕ್ಷ್ಮಮ್ಮ ನಿಂತಿದ್ದಳು, ಲೈನಿನ ಹಿರಿಯಳು, ತಲೆ ಪೂರ್ತಿ ನೆರೆತಿತ್ತು. ಮೂರು ವರ್ಷದ ಹಿಂದೆ ಅವಳ ಮೊಮ್ಮಗ ಎಂಟು ತಿಂಗಳಿನವನಾಗಿದ್ದಾಗ ತೀರಿಹೋಗಿದ್ದ. ಪಿಳ್ಳಮ್ಮನಿಗೆ ಅದು ಆ ಗಳಿಗೆಯಲ್ಲಿ ನೆನಪಾಯಿತು. ಅವಳ ಕಡೆ ತಿರುಗುವ ಧೈರ್ಯವಾಗಲಿಲ್ಲ.

ಆದಿಲಕ್ಷ್ಮಮ್ಮ ತಾನೇ ಮುಂದೆ ಬಂದಳು. "ನಮ್ಮ ಕೂಸೂ ನಿನ್ನ ಹಾಲೇ ಕುಡಿದಿದ್ದು" ಅಂದಳು. "ಅದಕ್ಕೆ ಜ್ವರ ಬಂದಿತ್ತು. ಜ್ವರದಲ್ಲೇ ಹೋಯ್ತು ಅಂತ ನಾನು ಮನಸಲ್ಲಿ ಇಟ್ಕೊಂಡಿದ್ದೀನಿ. ಹಾಗೇ ಇಟ್ಕೋತೀನಿ."

ನಲ್ಲಿಯ ನೀರು ತುಂಬಿದ ಬಿಂದಿಗೆಯಿಂದ ಹೊರಕ್ಕೆ ಹರಿಯುತ್ತಿತ್ತು. ಆದಿಲಕ್ಷ್ಮಮ್ಮನೇ ಬಗ್ಗಿ ಬಿಂದಿಗೆ ಸರಿಸಿ ಇನ್ನೊಂದನ್ನಿಟ್ಟಳು.

"ಬೆಲೆ ಏರಿಸಬೇಡ, ನಮ್ಮಿಂದ ಆಗಲ್ಲ. ಅಳತೆ ಅರ್ಧ ಮಾಡು. ಆದರೆ ಹಾಲು ಹಾಲಾಗಿರಲಿ. ಮೊದಲು ಕೂಸಿರೋ ಮನೆಗೆ ಹಾಕು, ಅವರಿಗೆ ಬೇಕಾದಷ್ಟು. ಆಮೇಲೆ ಬಸುರಿ ಇರೋ ಮನೆ. ಆಮೇಲೆ ಒಳಗೆ ಕೆಲಸ ಮಾಡಿ ಕೆಮ್ಮೋ ಗಂಡಸರು. ಉಳಿದ್ರೆ ನಮ್ಮ ಕಾಫಿಗೆ. ಉಳಿಯದಿದ್ರೆ ಕರೀ ಕಾಫಿ ಕುಡಿಯೋಣ, ಏನ್ರಮ್ಮಾ?"

ಬಟ್ಟೆ ಒಗೆಯಬಹುದು ಎಂದಿದ್ದವಳೇ ಮೊದಲು ಸರಿ ಅಂದಳು. ಒಬ್ಬಿಬ್ಬರು ಗೊಣಗಿದರು. ಆದರೆ ಮರುದಿನದಿಂದ ಹಾಗೇ ನಡೆಯಿತು.

ಮುತ್ಯಾಲಮ್ಮ ಮಾತ್ರ ಬಾಗಿಲು ತೆರೆಯಲಿಲ್ಲ. ಮೊದಲ ದಿನ ಪಿಳ್ಳಮ್ಮ ಹಾಲಿನ ಚೊಂಬನ್ನು ಹೊಸ್ತಿಲ ಮೇಲಿಟ್ಟು ಬಂದಳು. ಎರಡನೇ ದಿನ ನೋಡಿದರೆ ಹಾಲು ಒಡೆದು ಅಲ್ಲೇ ಇತ್ತು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಿಂದ ಬೇರೆ ಹಾಲು ತರಿಸುತ್ತಿದ್ದಾಳೆ ಅಂತ ಆರುಮುಗಂ ಹೇಳಿದ. ಆ ಹಾಲು ಎಂಥದೋ ಯಾರಿಗೆ ಗೊತ್ತು. ನಾಲ್ಕನೇ ದಿನ ಮಗುವಿಗೆ ಭೇದಿ ಹತ್ತಿತು. ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಏರಿದ್ದ ತೂಕ ಮತ್ತೆ ಇಳಿದಿತ್ತು.

ಒಂದು ದಿನ ಪಿಳ್ಳಮ್ಮ ರೈಲಿಳಿದಾಗ ಊರಿಗಾಂ ಸ್ಟೇಷನ್ನಿನ ಬೆಂಚಿನ ಮೇಲೆ ವೆಂಕಟೇಶಪ್ಪ ಕೂತಿದ್ದ. ರಾತ್ರಿ ಶಿಫ್ಟು ಮುಗಿಸಿ ನೇರವಾಗಿ ಬಂದಿದ್ದ. ಕಿವಿಯ ಹಿಂದೆಲ್ಲ ಕಲ್ಲುಪುಡಿ ಮೆತ್ತಿಕೊಂಡಿತ್ತು.

"ಅವಳಿಗೆ ನಿನ್ನ ಮೇಲೆ ಕೋಪ ಇದೆ. ನನಗೂ ಇದೆ, ಸುಳ್ಳು ಯಾಕೆ ಹೇಳ್ಲಿ" ಅಂದ. "ಆದರೆ ಮಗು ನೋಡೋಕಾಗ್ತಿಲ್ಲ ಅಕ್ಕಾ. ಏನು ಮಾಡೋಣ ಹೇಳು."

ಪಿಳ್ಳಮ್ಮ ಅವನ ಪಕ್ಕ ಕೂತಳು. "ತಾಯಿ ಮಗೂನ ನಮ್ಮೂರಿಗೆ ಕಳ್ಸಪ್ಪ. ಎರಡು ತಿಂಗಳು ಇರ್ಲಿ. ಕೊಟ್ಟಿಗೇಲಿ ಅಸು ಐತೆ. ಅವಳೇ ಕರ್ಕೊಳ್ಲಿ, ಅವಳೇ ಕಾಯ್ಸಿ ಕೊಡ್ಲಿ. ನಾನು ಮುಟ್ಟಲ್ಲ."

ಮುತ್ಯಾಲಮ್ಮ ಮೂರು ದಿನ ಒಲ್ಲೆ ಅಂದಳು. ನಾಲ್ಕನೇ ದಿನ ಒಂದು ಟ್ರಂಕು, ಒಂದು ಚಾಪೆ ಹಿಡಿದು, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ರೈಲು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಊರಿನಲ್ಲಿ ಪಕ್ಕದ ಮನೆಯ ದೊಡ್ಡಮುನಿಯಮ್ಮ ಬಂದು ಇವರು ನಿಮಗೆ ಏನಾಗಬೇಕು ಅಂತ ಕೇಳಿದಳು. "ನಮ್ಮೋರೇ ಕಣೆ" ಅಂದು ಪಿಳ್ಳಮ್ಮ ಮಾತು ಮುಗಿಸಿದಳು.

ಮುತ್ಯಾಲಮ್ಮ ರೈತರ ಮನೆಯ ಮಗಳು, ಹಾಲು ಕರೆಯುವುದು ಮರೆತಿರಲಿಲ್ಲ. ಬೆಳಿಗ್ಗೆ ಎದ್ದು ತಾನೇ ಕೆಚ್ಚಲು ತೊಳೆದು, ಕರೆದು, ಕಾಯಿಸಿ, ನರ್ಸಮ್ಮ ಹೇಳಿದ ಹಾಗೆ ನೀರು ಬೆರೆಸಿ ಮಗುವಿಗೆ ಕೊಡುತ್ತಿದ್ದಳು. ಪಿಳ್ಳಮ್ಮನ ಜೊತೆ ಮಾತಿಲ್ಲ. ಮುನಿರತ್ನಮ್ಮನ ಜೊತೆ ಮಾತ್ರ ಎರಡೇ ದಿನದಲ್ಲಿ ಸಲುಗೆ ಬೆಳೆಯಿತು. ಮುತ್ಯಾಲಮ್ಮ ತೆಲುಗಿನಲ್ಲಿ ಕೇಳಿದರೆ ಮುನಿರತ್ನಮ್ಮ ಕನ್ನಡದಲ್ಲಿ ಹೇಳುತ್ತಿದ್ದಳು. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ಬಟ್ಟೆಯಲ್ಲಿ ಸೋಸಿ ಸರಿಹಿಟ್ಟು ಮಾಡುವುದನ್ನು ಕಲಿಸಿಕೊಟ್ಟಳು. ಹಾಲಿನ ಜೊತೆ ಬೆಲ್ಲ ಹಾಕಿ ಬೇಯಿಸಿದ ಆ ಸರಿಯನ್ನು ಚಿಕ್ಕಿ ಮೊದಲ ದಿನ ಉಗಿದಳು, ಮೂರನೇ ದಿನ ಬಟ್ಟಲನ್ನೇ ಹಿಡಿದುಕೊಂಡಳು.

ಆಗಲೇ ಮುನಿರತ್ನಮ್ಮ ಒಂದು ಬೆಳಿಗ್ಗೆ ಅತ್ತೆಯನ್ನು ತಡೆದು ಕೇಳಿದಳು, "ಅತ್ತೆ, ಒರಗಿನ ಕೂಸ್ಗೆ ಆಲು ಕೊಡ್ತಿದ್ದೀರ, ಒಳ್ಳೇದೇ. ನನ್ ಮಗ ಉಟ್ಟಿ ಮೂರು ವರ್ಷ ಆಯ್ತು. ಒಂದಿನ ಅವನಿಗೆ ಒಂದು ಲೋಟ ಆಲು ಕೊಟ್ಟಿದ್ದೀರಾ?"

ಪಿಳ್ಳಮ್ಮ ಕ್ಯಾನಿನ ಮುಚ್ಚಳ ಹಿಡಿದು ನಿಂತಳು. ಆಮೇಲೆ ಮುಚ್ಚಳ ತೆಗೆದು ಒಂದು ದೊಡ್ಡ ಲೋಟ ಬಗ್ಗಿಸಿಟ್ಟಳು. "ದಿನಾ ತಗೋ" ಅಂದಳು. "ನನ್ನ ಕೇಳ್ಬ್ಯಾಡ."

ಬಂಗಲೆಗೆ ದಿನಾ ಹಾಕುತ್ತಿದ್ದ ಹಾಲಿನ ವರ್ತನೆ ತಪ್ಪಿ, ಮನೆಗೂ ಹಾಲು ತೆಗೆದು, ಆ ವರ್ಷ ಅವರಿಗೆ ಬಿಗಿಯಾಯಿತು. ಮುನಿನಾರಾಯಣಪ್ಪ ಎರಡು ಹುಣಸೆ ಮರದ ಫಸಲು ಗುತ್ತಿಗೆಗೆ ಕೊಟ್ಟ. ಪಿಳ್ಳಮ್ಮ ಹೊಸ ಸೀರೆ ತರಲಿಲ್ಲ. ಆದರೂ ನಡೆಯಿತು.

ಒಂದು ಮಧ್ಯಾಹ್ನ ಅವಳು ರೈಲಿಳಿದು ಬಿಸಿಲಲ್ಲಿ ನಡೆದು ಬಂದು ಜಗುಲಿಯ ಮೇಲೆ ಕುಸಿದಳು. ಕಣ್ಣು ಕತ್ತಲೆ ಬಂದಿತ್ತು. ಯಾರೋ ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ಮಜ್ಜಿಗೆ ಬಾಯಿಗಿಟ್ಟರು. ನೋಡಿದರೆ ಮುತ್ಯಾಲಮ್ಮ.

"ಈ ಬಿಸಿಲಲ್ಲಿ ನಡೀಬೇಡ ಅಕ್ಕಾ. ಎತ್ತಿನ ಗಾಡಿ ಸಿಕ್ಕೋವರೆಗೆ ಸ್ಟೇಷನ್ನಲ್ಲೇ ಕೂತ್ಕೋ."

ತಿಂಗಳಾದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಪಿಳ್ಳಮ್ಮ ಮಜ್ಜಿಗೆ ಕುಡಿದು, "ಊಂ ಕಣವ್ವ" ಅಂದಳು. ನೆಲದ ಮೇಲೆ ಚಿಕ್ಕಿ ಯಾರ ಆಸರೆಯೂ ಇಲ್ಲದೆ ಕೂತು ಹುಣಸೆಬೀಜ ಎಳೆದಾಡುತ್ತಿದ್ದಳು. ಇಬ್ಬರೂ ಅವಳನ್ನೇ ನೋಡುತ್ತಾ ಕೂತರು. ಬೀಜ ಬಾಯಿಗೆ ಹೋಗುವಾಗ ಇಬ್ಬರೂ ಒಟ್ಟಿಗೇ ಕೈ ಚಾಚಿದರು.

ಭಾನುವಾರಗಳಲ್ಲಿ ವೆಂಕಟೇಶಪ್ಪ ಬರುತ್ತಿದ್ದ. ವಾರವೆಲ್ಲ ನೆಲದೊಳಗೆ ಇರುವವನು, ಇಲ್ಲಿ ಬಂದರೆ ನೆರಳಿಗೆ ಹೋಗುತ್ತಿರಲಿಲ್ಲ. ಹೊಲದ ನಡುವೆ ಬಿಸಿಲಿಗೆ ಮೈಯೊಡ್ಡಿ ನಿದ್ದೆ ಮಾಡುತ್ತಿದ್ದ.

ಎರಡು ತಿಂಗಳಿಗೆ ಅಂತ ಬಂದವರು ಮೂರು ತಿಂಗಳಿದ್ದು ಹೋದರು. ಲೈನಿಗೆ ಹಿಂದಿರುಗಿದ ಗುರುವಾರ ತೂಕ ಹಾಕಿಸಿದರೆ ಹದಿನಾರು ಪೌಂಡು. ಮುತ್ಯಾಲಮ್ಮ ಹೊತ್ತು ತಂದಿದ್ದ ಸರಿಹಿಟ್ಟು ಎರಡೇ ವಾರದಲ್ಲಿ ಖಾಲಿಯಾಯಿತು, ಏಕೆಂದರೆ ಲೈನಿನ ಉಳಿದ ತಾಯಂದಿರೂ ಕೇಳಿ ಕೇಳಿ ತೆಗೆದುಕೊಂಡರು. ಆಮೇಲೆ ಪಿಳ್ಳಮ್ಮ ವಾರಕ್ಕೊಂದು ಚೀಲ ರಾಗಿ ತರತೊಡಗಿದಳು, ಹೆಂಗಸರು ಆದಿಲಕ್ಷ್ಮಮ್ಮನ ಮನೆಯ ಬೀಸುಕಲ್ಲಿನಲ್ಲಿ ಸರದಿಯ ಮೇಲೆ ಬೀಸಿಕೊಂಡರು. ಎರಡು ಬೇಸಿಗೆ ಕಳೆದವು, ಆ ಸಾಲಿನಲ್ಲಿ ಒಂದು ಕೂಸೂ ಹೋಗಲಿಲ್ಲ. ಅದು ಸರಿಹಿಟ್ಟಿನಿಂದಲೋ, ಹಾಲಿನಿಂದಲೋ, ದೇವರು ಕಣ್ಣು ಬಿಟ್ಟನೋ, ಅದನ್ನು ಯಾರೂ ಬಿಡಿಸಿ ನೋಡಲು ಹೋಗಲಿಲ್ಲ.

ಬಂಗಲೆಯ ಅಮ್ಮನವರು ಪಿಳ್ಳಮ್ಮನನ್ನು ಮತ್ತೆ ಕರೆಸಲಿಲ್ಲ. ಆದರೆ ಆರುಮುಗನನ್ನು ಆಗಾಗ ಕೇಳುತ್ತಿದ್ದರಂತೆ, ಆ ಹುಡುಗಿ ಹೇಗಿದ್ದಾಳೆ ಅಂತ. ಬೆಂಗಳೂರಿಗೆ ವರ್ಗವಾಗಿ ಹೋಗುವಾಗ ಮಗನ ಉಣ್ಣೆ ಬಟ್ಟೆಗಳನ್ನೆಲ್ಲ ಒಂದು ಗಂಟು ಕಟ್ಟಿ ಆರುಮುಗನ ಕೈಲಿ ಚಿಕ್ಕಿಗೆ ಕಳಿಸಿದರು.

ಅರವತ್ತಮೂರರಲ್ಲಿ ಪಿಳ್ಳಮ್ಮನ ಕಾಲಿಗೆ ಜಾಲಿಮುಳ್ಳು ಹೊಕ್ಕಿತು. ಅರ್ಧ ತೆಗೆದರು, ಅರ್ಧ ಒಳಗೇ ಉಳಿಯಿತು. ಪಾದ ಊದಿ ಬಿಂದಿಗೆಯಾಯಿತು. ಮುನಿನಾರಾಯಣಪ್ಪ ಸೊಪ್ಪು ಅರೆದು ಕಟ್ಟಿದ. ಬಂಗಾರಪೇಟೆಯ ಡಾಕ್ಟರ ಹತ್ತಿರ ಹೋಗೋಣ ಅಂದರೆ ಪಿಳ್ಳಮ್ಮ, "ಸೂಜಿಗೆ ಸುರಿಯೋಷ್ಟು ದುಡ್ಡು ಎಲ್ಲೈತೆ, ಇಳೀತದೆ ಬಿಡಿ" ಅಂದಳು. ಎಂಟು ದಿನ ಹಾಲಿಗೆ ಸೊಸೆಯೇ ಹೋಗಿ ಬಂದಳು. ಒಂಬತ್ತನೇ ದಿನ ಅವಳ ಜೊತೆ ಮುತ್ಯಾಲಮ್ಮನೂ ಐದು ವರ್ಷದ ಚಿಕ್ಕಿಯೂ ಬಂದಿಳಿದರು. ಕಟ್ಟು ಬಿಚ್ಚಿ ನೋಡಿದ ಮುತ್ಯಾಲಮ್ಮ ಮೂಗಿಗೆ ಸೆರಗು ಹಿಡಿದಳು.

"ಗಾಡಿ ಕಟ್ಟಿ ಮಾವ" ಅಂದಳು ಮುನಿನಾರಾಯಣಪ್ಪನಿಗೆ. "ನಮ್ಮ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಅದು ಕಂಪ್ನಿ ಜನಕ್ಕಲ್ವಾ ಕಣವ್ವ? ನನ್ನ ಎಂಗೆ ಒಳಕ್ಕೆ ಬಿಡ್ತಾರೆ?" ಅಂದಳು ಪಿಳ್ಳಮ್ಮ.

"ಅದು ನನಗೆ ಬಿಡು."

ಊರಿಗಾಂ ತಲುಪುವಾಗ ಪಿಳ್ಳಮ್ಮನಿಗೆ ಜ್ವರದಲ್ಲಿ ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ಹೆಸರು ಬರೆಯುವ ಮೇಜಿನ ಮುಂದೆ ವಯಸ್ಸಾದ ನರ್ಸಮ್ಮ ಇದ್ದರು.

"ಯಾರಮ್ಮ ಇವರು?"

"ನಮ್ಮತ್ತೆ. ವೆಂಕಟೇಶಪ್ಪನ ತಾಯಿ."

ನರ್ಸಮ್ಮ ಪಿಳ್ಳಮ್ಮನ ಮುಖ ನೋಡಿದರು. "ಏನಮ್ಮಾ, ನಿಮ್ಮ ಹೆಸರೇನು?"

ಸುಳ್ಳು ಹೇಳಬೇಕು ಅನ್ನುವುದು ಪಿಳ್ಳಮ್ಮನಿಗೆ ಆ ಜ್ವರದಲ್ಲಿ ಮರೆತೇಹೋಗಿತ್ತು. "ಆಲು ಆಕೋ ಪಿಳ್ಳಮ್ಮ" ಅಂದಳು.

ಮುತ್ಯಾಲಮ್ಮ ಕಣ್ಣು ಮುಚ್ಚಿಕೊಂಡಳು. ನರ್ಸಮ್ಮ ಲೇಖನಿಯನ್ನು ಮಸಿಗೆ ಅದ್ದಿದರು. "ಹಾಲು ಹಾಕಿದರೇನು, ಮಗನಿಗೆ ತಾಯಿ ತಾಯಿಯೇ ತಾನೆ" ಅಂದು, ವೆಂಕಟೇಶಪ್ಪನ ತಾಯಿ ಅಂತಲೇ ಬರೆದುಕೊಂಡರು.

ಎರಡು ಬೆರಳು ಹೋದವು, ಕಾಲು ಉಳಿಯಿತು. ಹದಿನಾಲ್ಕು ದಿನ ಸೂಜಿ ಚುಚ್ಚಿದರು. ಬಿಟ್ಟ ಮೇಲೂ ದಿನಾ ಕಟ್ಟು ಬದಲಾಯಿಸಬೇಕು ಅಂದದ್ದರಿಂದ ಅವಳು ಲೈನಿನ ಆ ಕೊನೆಯ ಮನೆಯಲ್ಲೇ ಉಳಿದಳು. ಇದ್ದ ಒಂದು ಮಂಚವನ್ನು ಅವಳಿಗೆ ಕೊಟ್ಟು ವೆಂಕಟೇಶಪ್ಪ ಹೊರಗೆ ಚಾಪೆ ಹಾಸಿಕೊಂಡ. ಸಾಲಿನ ಹೆಂಗಸರು ದಿನಕ್ಕೊಬ್ಬರಂತೆ ರಸ, ಪೊಂಗಲು, ಸೊಪ್ಪಿನ ಸಾರು ತಂದು ಕೂತು, ತಿನ್ನುವವರೆಗೆ ಏಳುತ್ತಿರಲಿಲ್ಲ. ಆದಿಲಕ್ಷ್ಮಮ್ಮ ಮಧ್ಯಾಹ್ನ ಬಂದು ಅವಳ ಕಾಲು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು.

"ನಮ್ಮೂರಲ್ಲಿ ಮುಳ್ಳು ಚುಚ್ಚಿ ಸತ್ತೋರನ್ನ ನಾನೇ ಮೂರು ಜನ ಕಂಡಿವ್ನಿ" ಅಂದಳು ಪಿಳ್ಳಮ್ಮ ಒಂದು ದಿನ. "ಸೂಜಿ ಇಷ್ಟು ಅತ್ರ ಇತ್ತು."

"ನಮಗೆ ನೀರು ಇಷ್ಟೇ ಹತ್ರ ಇದೆ" ಅಂದಳು ಆದಿಲಕ್ಷ್ಮಮ್ಮ, ಗುಡ್ಡದ ಕಡೆ ಗಲ್ಲ ಚಾಚಿ. "ಬರುತ್ತೆ, ಬರುತ್ತೆ ಅಂತಾರೆ." ಎರಡನೇ ನಲ್ಲಿಗೆ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟು ಆರು ತಿಂಗಳಾಗಿತ್ತು. ಅದು ಬಂದದ್ದು ಮರುವರ್ಷ.

ಕೋಲು ಹಿಡಿದು ನಡೆಯುವಂತಾದ ಮೇಲೆ ಮುತ್ಯಾಲಮ್ಮನೇ ಅವಳನ್ನು ಬಂಗಾರಪೇಟೆಯವರೆಗೆ ಬಿಡಲು ಬಂದಳು. ಮುನಿನಾರಾಯಣಪ್ಪ ಗಾಡಿಯ ಜೊತೆ ಕಾದಿದ್ದ.

"ಬರೋ ವಾರ ಕಡ್ಲೇಕಾಯಿ ಕೀಳ್ತೀವಿ" ಅಂದಳು ಪಿಳ್ಳಮ್ಮ, ಗಾಡಿ ಹತ್ತಿ ಕೂತು. "ಎಲ್ಲಾರೂ ಬನ್ರಿ. ಆದಿಲಕ್ಷ್ಮಮ್ಮನ್ನೂ ಕರ್ಕೊಂಡು ಬಾ."

"ಬರ್ತೀವಿ ಅತ್ತೆ" ಅಂದಳು ಮುತ್ಯಾಲಮ್ಮ.

ಭಾನುವಾರ ಎಲ್ಲರೂ ಬಂದರು. ಆರುಮುಗನೂ ಬಂದ. ಹಸಿ ಕಾಯಿ ಸುಟ್ಟು ತಿಂದು ಮಕ್ಕಳ ಬಾಯೆಲ್ಲ ಮಸಿಯಾಯಿತು. ಪಿಳ್ಳಮ್ಮ ಹೊಂಗೆಯ ನೆರಳಿನಲ್ಲಿ ಕಾಲು ಚಾಚಿ ಕೂತು, ಯಾರು ಎಷ್ಟು ಗಿಡ ಕಿತ್ತರು ಅಂತ ಕೂಗಿ ಕೂಗಿ ಎಲ್ಲರನ್ನೂ ಗದರುತ್ತಿದ್ದಳು, ಯಾರೂ ಅವಳ ಮಾತು ಕೇಳುತ್ತಿರಲಿಲ್ಲ.